ಆಶ್ ಮರಕ್ಕೆ ನೀರು ಹುಯ್ದವರು ಯಾರು?

ಮನೆಯಿಂದ ಏನನ್ನಾದರೂ ಎತ್ತಿಕೊಂಡು ಹೋಗುವ ಕಳ್ಳನಾದರೆ, ಹೋದ ವಸ್ತುವಿನ ಹೆಸರು ಹೇಳಿಕೊಂಡು ನಾಲ್ಕು ಜನರ ಮುಂದೆ ಬಯ್ಯಬಹುದು. ತಿಗನಾರೆಯ ಉಮಾಶಂಕರನಿಗೆ ಆ ಸುಖವೂ ಇರಲಿಲ್ಲ. ಅವನ ಮನೆಗೆ ಗಂಟುಬಿದ್ದಿದ್ದ ಕಳ್ಳ ಏನನ್ನೂ ಒಯ್ಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಕೊಟ್ಟು ಹೋಗುತ್ತಿದ್ದ. ಕೊಟ್ಟು ಹೋಗುತ್ತಿದ್ದುದು ನೀರು. ಸುಮಾರು ಕಾಲು ಲೀಟರು. (ಉಮಾಶಂಕರ ಬಿ.ಎಸ್ಸಿ. ಬಾಟನಿ. ಅನುಮಾನಪಟ್ಟರೂ ಅಳತೆ ಹಿಡಿದು ಪಡುವವನು.)

ಆ ನೀರು ಬೀಳುತ್ತಿದ್ದುದು ಒಂದು ಕುಂಡಕ್ಕೆ. ಕುಂಡದಲ್ಲಿದ್ದುದು ಆಶ್ ಎಂಬ ಮರ. ಕಾಶ್ಮೀರದ ಕಡೆಯ ತಂಪು ಬೆಟ್ಟಗಳಲ್ಲಿ ತೆಂಗಿನೆತ್ತರ ಬೆಳೆಯುವ ಈ ಮರವನ್ನು, ತಾಳವಾಡಿಯ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಮಂಗಳಗೌರಿ ಮೇಡಂ ಆರು ವರ್ಷಗಳಿಂದ ಕತ್ತರಿಸಿ ಕತ್ತರಿಸಿ ಮೊಳದೆತ್ತರದಲ್ಲೇ ನಿಲ್ಲಿಸಿದ್ದರು. (ಅವರ ಕೈಕೆಳಗಿನ ಮೇಷ್ಟ್ರುಗಳಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.) ಮಗಳ ಬಾಣಂತನಕ್ಕೆಂದು ಕೊಯಮತ್ತೂರಿಗೆ ನಲವತ್ತು ದಿನ ಹೊರಟ ಮೇಡಂ, ಆ ಕುಂಡವನ್ನು ತಮ್ಮ ಶಾಲೆಯ ಮೇಷ್ಟ್ರು ಉಮಾಶಂಕರನ ಕೈಯಲ್ಲಿಟ್ಟರು. ಅದರ ಜೊತೆ ಬೆಂಕಿಪೊಟ್ಟಣದಷ್ಟಿದ್ದ ಒಂದು ತೇವಮಾಪಕ, ಕುಂಡದ ಮೇಲೆ ಗುಡಾರದಂತೆ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮತ್ತು ಒಂದು ಚೀಟಿ. ಚೀಟಿಯ ಮೊದಲ ಸಾಲು: ಗಾಳಿಯ ತೇವ ಶೇಕಡಾ ಐವತ್ತೈದರಿಂದ ಅರವತ್ತೈದರೊಳಗೇ ಇರಬೇಕು. ಕೆಳಗೆ ಇನ್ನೂ ಒಂದೆರಡು ಸಾಲುಗಳಿದ್ದವು. ಮೊದಲ ಸಾಲಿನ ಗಾಂಭೀರ್ಯಕ್ಕೆ ಉಮಾಶಂಕರ ಅಲ್ಲೇ ಸೋತುಹೋದ.

"ಜೂನಿನಲ್ಲಿ ಪ್ಲಸ್ ಒನ್ ಬಾಟನಿ ಯಾರಿಗೆ ಕೊಡೋದು ಅಂತ ಯೋಚನೆ ಮಾಡ್ತಾ ಇದೀನಿ ಸರ್," ಎಂದಿದ್ದರು ಮೇಡಂ. "ಒಂದು ಮರ ನೋಡಿಕೊಳ್ಳೋರು ಮೂವತ್ತು ಮಕ್ಕಳನ್ನೂ ನೋಡಿಕೊಳ್ಳಬಹುದು."

ಈ ಮಾತಿನ ಬೆಲೆ ಉಮಾಶಂಕರನಿಗೇ ಗೊತ್ತು. ಅವರ ವಂಶದಲ್ಲಿ ಡಿಗ್ರಿ ಮುಟ್ಟಿದ ಮೊದಲ ಮನುಷ್ಯ ಅವನು. ಆ ಡಿಗ್ರಿ ಪತ್ರಕ್ಕೆ ಅವನ ತಾಯಿ ಶಿವಮಲ್ಲಮ್ಮ ಗಾಜು ಹಾಕಿಸಿ, ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿ, ವಾರಕ್ಕೊಮ್ಮೆ ವಿಭೂತಿ ಹಚ್ಚುತ್ತಿದ್ದಳು. ಆದರೆ ಬಾಟನಿ ಓದಿದ ಮಗ ಏಳು ವರ್ಷದಿಂದ ಕಲಿಸುತ್ತಿದ್ದುದು ಆರನೇ ತರಗತಿಗೆ ಗುಣಾಕಾರ. ಹೊಲಿಗೆ ಟೀಚರು ರಜೆ ಹಾಕಿದ ದಿನ ಕಾಜಾ ಹೊಲಿಗೆ. ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿಯ ಬಾಟನಿ ಸಿಕ್ಕರೆ ಗಾಜಿನೊಳಗಿನ ಡಿಗ್ರಿ ಕೊನೆಗೂ ಹೊರಗೆ ಬಂದು ಉಸಿರಾಡುತ್ತದೆ.

ಕುಂಡ ಮನೆಗೆ ಬಂದ ದಿನ ಶಿವಮಲ್ಲಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಕೊಟ್ಟಳು.

"ಇದ್ಯಾನ್ಲಾ, ಬೇವಿನ ಸಸಿ ಇದ್ದಂಗದೆ."

"ಬೇವಲ್ಲ ಕಣವ್ವ. ಆಶ್. ಇದಕ್ಕೆ ಆರ್ದ್ರತಾ ನಿರ್ವಹಣೆ ಮಾಡಬೇಕು."

"ಬೇವಾಗಿದ್ರೆ ಕಡ್ಡಿ ಮುರ್ದು ಅಲ್ಲಾರು ಉಜ್ಬೋದಾಗಿತ್ತು," ಎಂದು ಅವಳು ಹಸುವಿನ ಹಾಲು ಕರೆಯಲು ಹೋದಳು.

ಮಾರ್ಚ್ ತಿಂಗಳು. ಬೆಟ್ಟದ ಮೇಲಿನ ಒಣಗಾಳಿ ಒಲೆಯ ಮುಂದಿನ ಗಾಳಿಯಂತೆ ಬೀಸುತ್ತಿತ್ತು. ಮೊದಲ ಎರಡು ದಿನ ಕುಂಡ ನಡುಮನೆಯಲ್ಲಿತ್ತು. ಮಾಪಕ ಮೂವತ್ತೆಂಟರ ಮೇಲೆ ಏಳಲಿಲ್ಲ. ಉಮಾಶಂಕರ ನೀರು ಕಾಯಿಸಿ ಆವಿ ಕೊಟ್ಟ. ಒದ್ದೆ ಗೋಣಿ ಕಟ್ಟಿದ. ಹೂವಿಗೆ ನೀರು ಚಿಮುಕಿಸುವ ಬಾಟಲಿ ಹಿಡಿದು ಗಂಟೆಗೊಮ್ಮೆ ಎಲೆಗಳಿಗೆ ಮಂಜು ಹಾಯಿಸಿದ. ಅವನ ಹೆಂಡತಿ ದಿವ್ಯ ಅಡುಗೆಮನೆಯ ಬಾಗಿಲಿಗೆ ಒರಗಿ ಇದೆಲ್ಲವನ್ನೂ ನೋಡುತ್ತಿದ್ದಳು.

"ಮದ್ವೆಯಾಗಿ ಆರು ವರ್ಸಾಯ್ತು. ನನ್ ತುಟಿ ಒಡ್ದು ರಕ್ತ ಬಂದಾಗ ಒಸಿ ಕೊಬ್ಬರಿ ಎಣ್ಣೆ ತಂದ್ಕೊಡಿ ಅಂದ್ರೆ ಮರ್ತ್‌ಬುಟ್ರಿ. ಈ ಕಡ್ಡಿಗೆ ನೋಡು, ಆವಿ!"

"ಇದು ಕಡ್ಡಿಯಲ್ಲ ದಿವ್ಯ, ಜವಾಬ್ದಾರಿ."

"ನಾನ್ಯಾನು, ಅತ್ತಿಕಡ್ಡಿಯಾ?"

ಮೂರನೆಯ ದಿನ ಅವನಿಗೆ ಹೊಸ ಆಲೋಚನೆ ಹೊಳೆಯಿತು. ಹಿತ್ತಿಲ ಬಾಗಿಲ ಪಕ್ಕದ ಮೂಲೆಗೆ ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು. ವರ್ಷಗಳಿಂದ ಆ ಮೂಲೆಯನ್ನು ಆಳಿಕೊಂಡಿದ್ದ ದಾಸವಾಳದ ಕುಂಡವನ್ನು ಬೀದಿಬಾಗಿಲಿಗೆ ವರ್ಗಾವಣೆ ಮಾಡಿ, ಆಶ್ ಮರವನ್ನು ಅಲ್ಲಿ ಅಧಿಕಾರಕ್ಕೆ ಕೂರಿಸಿದ. ಸಂಜೆ ಮಾಪಕ ಐವತ್ತೆಂಟು ತೋರಿಸಿತು. ಅವನ ಎದೆ ಉಬ್ಬಿತು. ಉದ್ದ ಗೆರೆಯ ರಿಜಿಸ್ಟರೊಂದನ್ನು ತೆಗೆದು ದಿನಾಂಕ, ಸಮಯ, ತೇವ, ನೀರು, ಷರಾ ಎಂದು ಐದು ಕಲಂ ಎಳೆದ. ದಿನಾ ಸಂಜೆ ತೇವದ ಅಂಕಿಯೊಂದನ್ನು ಮೇಡಂಗೆ ವಾಟ್ಸಾಪ್ ಮಾಡುವುದು. ಇಡೀ ರಿಜಿಸ್ಟರನ್ನು ಅವರು ಬಂದಾಗ ಸವಿನಯ ಒಪ್ಪಿಸುವುದು.

ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ಐವತ್ತೆಂಟು. ಏಳೂವರೆಗೆ ನೋಡಿದರೆ ಎಂಬತ್ತೊಂದು!

ಉಮಾಶಂಕರ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಎಂಬತ್ತೊಂದೇ. ಪ್ಲಾಸ್ಟಿಕ್ ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿಗಳು. ಮಣ್ಣು ಒದ್ದೆ. ಅವನು ಹುಯ್ದಿರಲಿಲ್ಲ. ಹಾಗಾದರೆ ಯಾರು?

ಮರುದಿನವೂ ಅದೇ. ಅದರ ಮರುದಿನವೂ ಅದೇ. ತೇವ ಇಳಿಸಲೇಬೇಕೆಂದು ಅವನು ಆವಿ ನಿಲ್ಲಿಸಿದ, ಗೋಣಿ ಬಿಚ್ಚಿದ, ಬಾಟಲಿ ಬಚ್ಚಿಟ್ಟ. ನೀರಿನ ಕಲಮಿನಲ್ಲಿ ದಿನವೂ "ಇಲ್ಲ" ಎಂದು ಬರೆದ. ಹೀಗೆ "ಇಲ್ಲ, ಇಲ್ಲ, ಇಲ್ಲ" ಎಂಬ ಕಲಂ ಉದ್ದವಾಗುತ್ತಲೇ ಹೋಯಿತು. ಷರಾ ಕಲಮಿನಲ್ಲಿ "ಅನುಮಾನಾಸ್ಪದ" ಎಂಬ ಒಂದೇ ಪದ ಇರುವೆಯಂತೆ ಸಾಲುಗಟ್ಟಿತು.

ವಿಚಾರಣೆ ಆರಂಭವಾಯಿತು. ಮೊದಲು ತಾಯಿ.

"ಅವ್ವಾ, ಸತ್ಯ ಹೇಳು. ಆ ಕುಂಡಕ್ಕೆ ನೀನು ನೀರು ಉಯ್ದ್ಯಾ?"

"ಇಲ್ಲ ಕಣ್ಲಾ. ನಾನ್ಯಾಕೆ ಉಯ್ಯಲಿ?"

ಶಿವಮಲ್ಲಮ್ಮ ಸುಳ್ಳು ಹೇಳುವವಳಲ್ಲ. ಅವಳ ಹೆಸರನ್ನು ಹೊಡೆದುಹಾಕಿದ. ಎರಡನೆಯವನು ಗುರುಸ್ವಾಮಿ: ಅದೇ ಶಾಲೆಯ ಮೇಷ್ಟ್ರು, ದಿನಾ ಬೆಳಿಗ್ಗೆ ಉಮಾಶಂಕರನ ಬೈಕಿನ ಹಿಂದೆ ಕೂತು ತಾಳವಾಡಿಗೆ ಬರುವವನು, ಜುವಾಲಜಿ ಓದಿದವನು. ಜುವಾಲಜಿಯವರು ಬಾಟನಿ ಕ್ಲಾಸಿನ ಮೇಲೆ ಕಣ್ಣಿಡುವುದು ಲೋಕದಲ್ಲಿ ಹೊಸದಲ್ಲ. ಮೂರು ದಿನ ಅವನನ್ನು ಒಳಗೆ ಕರೆಯದೆ ಬೀದಿಯಲ್ಲೇ ನಿಲ್ಲಿಸಿ ನೋಡಿದ. ಕಾಫಿ ತಪ್ಪಿದ ಗುರುಸ್ವಾಮಿಯ ಮುಖ ಬಾಡಿತು. ಮಾಪಕ ಮಾತ್ರ ಏಳೂವರೆಯ ಎಂಬತ್ತರಿಂದ ಇಳಿಯಲಿಲ್ಲ.

ಉಳಿದವಳು ಒಬ್ಬಳೇ.

ಕಾರಣವೂ ಇತ್ತಲ್ಲ! ತುಟಿ. ಕೊಬ್ಬರಿ ಎಣ್ಣೆ. "ನಾನ್ಯಾನು, ಅತ್ತಿಕಡ್ಡಿಯಾ" ಎಂಬ ಆ ಮಾತು. ಉಮಾಶಂಕರ ಹೆಂಡತಿಯ ಓಡಾಟವನ್ನೆಲ್ಲ ಗಮನಿಸತೊಡಗಿದ. ಅವಳು ಬಿಂದಿಗೆ ಎತ್ತಿದರೆ ಇವನ ಹುಬ್ಬು ಏರುತ್ತಿತ್ತು. ಮೊಸರು ಕಡೆದ ಪಾತ್ರೆ ತೊಳೆದು ನೀರು ಚೆಲ್ಲಿದರೆ, ಚೆಲ್ಲಿದ ದಿಕ್ಕನ್ನು ನೋಡಿಕೊಳ್ಳುತ್ತಿದ್ದ. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಆರು ಗಂಟೆಗೆ, ಐವತ್ತೊಂಬತ್ತು ಎಂದು ಬರೆದುಕೊಂಡವನೇ, ಡಬ್ಬದಿಂದ ರಾಗಿಹಿಟ್ಟು ತಂದು ಕುಂಡದ ಸುತ್ತ ತೆಳ್ಳಗೆ ಜರಡಿಯಾಡಿಸಿದ.

"ಅಯ್ಯೋ ಶಿವ್ನೆ! ಮುದ್ದೆ ಇಟ್ಟು!" ಎಂದು ದಿವ್ಯ ಓಡಿಬಂದಳು. "ಇದ್ಯಾನು, ಮರಕ್ಕೆ ಮುದ್ದೆನೂವೆ ಉಣ್ಣುಸ್ತೀರಾ?"

"ಹೆಜ್ಜೆ ಹಿಡಿಯೋದಕ್ಕೆ. ಕಾಡಂಚಿನ ಹೊಲದಲ್ಲಿ ಮಣ್ಣು ಸಮ ಮಾಡಿ, ಯಾವ ಪ್ರಾಣಿ ನುಗ್ಗಿತು ಅಂತ ನೋಡ್ತಾರಲ್ಲ, ಹಾಗೆ. ಇವತ್ತು ಕಳ್ಳರ ಕಾಲು ನನಗೆ ಸಿಕ್ಕೇ ಸಿಗ್ತದೆ."

ಹೇಳುವಾಗ ಅವನ ಕಣ್ಣು ಅವಳ ಪಾದದ ಮೇಲಿತ್ತು. ದಿವ್ಯ ತನ್ನ ಪಾದವನ್ನೊಮ್ಮೆ ನೋಡಿಕೊಂಡಳು, ಗಂಡನ ಮುಖವನ್ನೊಮ್ಮೆ ನೋಡಿದಳು. ಅವಳಿಗೆ ಅರ್ಥವಾಯಿತು.

"ಓಹೋ. ಕಳ್ಳಿ ನಾನು!"

"ನಾನು ಹಾಗೆ ಅಂದೆನಾ?"

"ಬಾಯಲ್ಲಿ ಅನ್ನಲಿಲ್ಲ, ಇಟ್ಟಲ್ಲಿ ಅಂದ್ರಿ. ಸರಿ. ನಾನು ಅಡ್ಗೆಮನೆ ಬುಟ್ಟು ಈಚೆಗೆ ಕಾಲಿಡಕಿಲ್ಲ. ಎಜ್ಜೆ ನನ್ದಾದ್ರೆ ನಿಮ್ ಮರದ ಮುಂದೆ ಕಿವಿ ಇಡ್ಕೊಂಡು ನಿಂತ್ಕೊತೀನಿ. ನನ್ದಲ್ದಿದ್ರೆ, ಕಳ್ಳ ಯಾರು ಅಂತ ನೀವು ನಿಮ್ ಕೈಯಾರೆ ಆ ಬುಕ್ಕಲ್ಲಿ ಬರ್ದು, ಸೈನ್ ಆಕಿ, ಇವತ್ತೇ ನಿಮ್ಮ ಮೇಡಮ್ಮಿಗೆ ಕಳಿಸ್ಬೇಕು. ನನ್ ಕ್ಸಮೆನೂ ಕೇಳ್ಬೇಕು. ಆಗ್ತದಾ?"

"ಆಗಲಿ," ಎಂದ ಉಮಾಶಂಕರ, ಗೆದ್ದವನ ದನಿಯಲ್ಲಿ.

ಸ್ನಾನ ಮಾಡಿದ. ಪೂಜೆಗೆ ಕುಳಿತ. ಅಂಗೈಯಲ್ಲಿ ಲಿಂಗ, ಮನಸ್ಸಿನಲ್ಲಿ ರಾಗಿಹಿಟ್ಟು. ಪೂಜೆ ಮುಗಿಸಿ, ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಹಿತ್ತಿಲ ಬಾಗಿಲಿಗೆ ಬಂದು ನೋಡುತ್ತಾನೆ, ಹಿಟ್ಟಿನ ತುಂಬ ಹೆಜ್ಜೆ! ಮಾಪಕದಲ್ಲಿ ಎಂಬತ್ತೆರಡು!

"ಸಿಕ್ಕಿತು! ಸಿಕ್ಕಿತು!" ಎಂದು ಕೂಗಿದ. ಶಿವಮಲ್ಲಮ್ಮ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದೇ ಬಂದಳು. ದಿವ್ಯ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಕತ್ತು ಚಾಚಿ ನೋಡಿ, "ನನ್ ಕಾಲು ಅಷ್ಟುದ್ದ ಇಲ್ಲ," ಎಂದಳು.

"ಹಿಟ್ಟಿನಲ್ಲಿ ಹೆಜ್ಜೆ ಹರಡಿಕೊಳ್ತದೆ. ಅದು ಭೌತಶಾಸ್ತ್ರ."

"ನಿಮ್ಮ ಸಾಸ್ತ್ರ ಬ್ಯಾಡ. ದೊಡ್ಡಬೊಮ್ಮಣ್ಣ ಬಂದವ್ನೆ, ನಂಜನ ಒಲದ ತಾವು ಆನೆ ಎಜ್ಜೆ ನೋಡ್ತಾವ್ನೆ. ಕರೀರಿ ಅವನ್ನ."

ದೊಡ್ಡಬೊಮ್ಮ ಜೀರಹಳ್ಳಿ ಕಡೆಯ ಸೋಲಿಗ ಹಾಡಿಯವನು, ಅರಣ್ಯ ಇಲಾಖೆಯ ವಾಚರು. ಒಣಗಿದ ಲದ್ದಿ ನೋಡಿ ಆನೆಯ ವಯಸ್ಸು ಹೇಳುವವನು. ಮುರಿದ ಕಡ್ಡಿ ನೋಡಿ ಚಿರತೆ ಹೋದ ದಿಕ್ಕು ಹೇಳುವವನು. ಅವನ ಮಾತಿಗೆ ರೇಂಜರೂ ಎದುರಾಡುವುದಿಲ್ಲ. ಉಮಾಶಂಕರ ಓಡಿಹೋಗಿ ಅವನನ್ನು ಕರೆತಂದ. ಇಂಥ ತಜ್ಞನ ಬಾಯಿಂದಲೇ ಹೆಂಡತಿಯ ಅಪರಾಧ ಸಾಬೀತಾದರೆ ಮೇಲ್ಮನವಿಗೂ ಅವಕಾಶವಿಲ್ಲ ಎಂಬುದು ಅವನ ಲೆಕ್ಕ.

ದೊಡ್ಡಬೊಮ್ಮ ಖಾಕಿ ಚೀಲ ಕೆಳಗಿಟ್ಟು, ಹಿಟ್ಟಿನಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತ. ಆಮೇಲೆ ಗೇಣು ಹಾಕಿ ಅಳೆದ.

"ಒಂಟಿ," ಎಂದ.

ಉಮಾಶಂಕರ ರಿಜಿಸ್ಟರಿನಲ್ಲಿ ಬರೆದುಕೊಂಡ: ಒಂಟಿ.

"ಈಚೆಯಿಂದ ಬಂದದ್ದಲ್ಲ. ಮನೆ ಒಳಗಿಂದ್ಲೇ ಬಂದದೆ."

"ಹಾಂ!" ಎಂದು ಉಮಾಶಂಕರ ಹೆಂಡತಿಯತ್ತ ನೋಡಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಕಾಲು ಒದ್ದೆ. ಮಿಂದ್‌ಬುಟ್ಟು ಬಂದದೆ. ಬಲಗಡೀಕೆ ಮಾತ್ರ ನೀರು ತೊಟ್ಟಿಕ್ಕಿ ಬಿದ್ದದೆ ನೋಡಿ. ಬಲಗೈಲಿ ತಂಬಿಗೆ." ದೊಡ್ಡಬೊಮ್ಮ ತಲೆಯನ್ನು ನೆಲಕ್ಕೆ ಹತ್ತಿರ ತಂದ. "ಕಳ್ಳ ಪ್ರಾಣಿ ಇಂಗೆ ನಡೆಯಕಿಲ್ಲ ಸಾರ್. ಅದು ಒಂದೆಜ್ಜೆ ಇಡ್ತದೆ, ನಿಲ್ತದೆ, ಕಿವಿ ಕೊಡ್ತದೆ. ಇದ್ಕೆ ಎದರಿಕೆನೇ ಇಲ್ಲ. ಗಾಣದ ಎತ್ತು ಓಯ್ತದಲ್ಲ, ಅಂಗೆ ಬಂದದೆ. ದಿನಾ ಬಂದು ಕಾಲಿಗೆ ದಾರಿ ಬಾಯಿಪಾಠ ಆಗ್ಬುಟ್ಟದೆ."

"ದಿನಾ! ಬರೆದುಕೊಂಡೆ. ಹೆಣ್ಣೋ, ಗಂಡೋ?"

"ಗಂಡು."

ದಿವ್ಯ ಸೊಂಟದಿಂದ ಕೈ ತೆಗೆದಳು. ಉಮಾಶಂಕರನ ಪೆನ್ನು ಒಂದು ಕ್ಷಣ ನಿಂತಿತು. ನಂತರ ಹಲ್ಲು ಕಡಿದು, "ಗುರುಸ್ವಾಮಿ!" ಎಂದ. "ನನ್ನ ಮನೆಯಲ್ಲೇ ಸ್ನಾನ ಮಾಡಿ..."

"ಪಂಚೆ ಉಟ್ಟದೆ. ಅಂಚು ಇಟ್ಟಿನ ಮೇಲೆ ಎಳ್ದದೆ, ಇಲ್ನೋಡಿ. ಇಲ್ಲಿ ನಿಂತು ನೀರು ಉಯ್ದದೆ. ಉಯ್ದ್‌ಬುಟ್ಟು..." ದೊಡ್ಡಬೊಮ್ಮ ಸ್ವಲ್ಪ ಹಿಂಜರಿದ. "ಉಯ್ದ್‌ಬುಟ್ಟು ಕೈ ಮುಗ್ದದೆ."

"ಕೈ ಮುಗಿದದ್ದು ಹೆಜ್ಜೆಯಲ್ಲಿ ಹೇಗೆ ಕಾಣ್ತದೆ?"

"ಎರಡು ಕಾಲೂ ಜೋಡ್ಸಿ ನಿಂತದೆ ಸಾರ್. ಇಮ್ಮಡಿ ಅಗುರ, ಬೆರಳಿನ ಮೇಲೆ ಬಾರ. ತಲೆ ಬಗ್ಗಿ ಅದೆ. ಎಬ್ಬೆಟ್ಟಿಗಿಂತ ಪಕ್ಕದ ಬೆರಳು ಉದ್ದ." ಅವನು ಮೆಲ್ಲಗೆ ತಲೆಯೆತ್ತಿ, ಮಗುವಿನ ಬಳಿ ಆಟಿಕೆ ಕೇಳುವವನ ದನಿಯಲ್ಲಿ ಹೇಳಿದ, "ಸಾರ್, ಒಸಿ ಕಾಲೆತ್ತಿ."

ಉಮಾಶಂಕರ ಕಾಲೆತ್ತಿದ. ಹೆಬ್ಬೆಟ್ಟಿಗಿಂತ ಪಕ್ಕದ ಬೆರಳು ಉದ್ದವಿತ್ತು. ಎರಡರ ಸಂದಿಯಲ್ಲಿ ರಾಗಿಹಿಟ್ಟಿತ್ತು.

ಮೊದಲು ಬಾಯಿಬಿಟ್ಟವಳು ಶಿವಮಲ್ಲಮ್ಮ.

"ಅಯ್ಯೋ, ಇದ್ಕಾ ಇಷ್ಟೊಂದು ರಂಪ? ಪೂಜೆ ನೀರು ತುಳ್ಯೋ ಜಾಗಕ್ಕೆ ಚೆಲ್ಬಾರ್ದು, ಗಿಡದ ಬುಡಕ್ಕೆ ಉಯ್ಯಿ ಅಂತ ಚಿಕ್ಕಂದಿನಲ್ಲಿ ನಾನೇ ಕಲಿಸ್ದೆ. ದಾಸವಾಳಕ್ಕೆ ಉಯ್ತಿದ್ದ. ದಾಸವಾಳ ಎತ್ತಿ ಈ ಮರ ಮಡಗ್ದ, ಇದಕ್ಕೆ ಉಯ್ತಾವ್ನೆ. ಕಣ್ಣು ಮುಚ್ಕೊಂಡು ಮಂತ್ರ ಯೋಳ್ಕೊಂಡು ಬತ್ತಾನೆ, ಉಯ್ತಾನೆ, ಓಯ್ತಾನೆ. ದಿನಾ ಕೊಟ್ಟಿಗೆಯಿಂದ ನೋಡ್ತೀನಲ್ಲ!"

"ಅವ್ವಾ! ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

"ನೀನು ಉಯ್ದ್ಯಾ ಅಂತ ಕೇಳ್ದೆ. ನಾ ಉಯ್ಯಲಿಲ್ಲ ಅಂದೆ. ಯಾರು ಉಯ್ದೋರು ಅಂತ ಕೇಳಿದ್ಯಾ? ಓದ್ದೋನು, ನೀರು ಉಯ್ಯೋದೂವೆ ನಿನ್ನ ನಿರ್ವಹಣೆ ಅಂದ್ಕಂಡೆ."

ಉಮಾಶಂಕರನಿಗೆ ಈಗ ಎಲ್ಲವೂ ನೆನಪಾಗತೊಡಗಿತು, ಅಥವಾ ನೆನಪೇ ಇಲ್ಲವೆಂಬುದು ನೆನಪಾಯಿತು. ಇಷ್ಟು ದಿನವೂ ಪೂಜೆಯ ನಂತರ ಅವನ ಕಾಲು ತನ್ನ ಪಾಡಿಗೆ ಹಳೆಯ ಮೂಲೆಗೆ ನಡೆಯುತ್ತಿತ್ತು, ಕೈ ತನ್ನ ಪಾಡಿಗೆ ತಂಬಿಗೆ ಬಗ್ಗಿಸುತ್ತಿತ್ತು. ಆ ಹೊತ್ತಿನಲ್ಲೂ ಅವನ ಮನಸ್ಸು ಮಾತ್ರ ನೀರು ಹುಯ್ಯುವವರು ಯಾರಿರಬಹುದು ಎಂಬ ಚಿಂತೆಯಲ್ಲೇ ಮುಳುಗಿರುತ್ತಿತ್ತು.

ದೊಡ್ಡಬೊಮ್ಮ ಚೀಲ ಎತ್ತಿಕೊಂಡ. "ಆನೆಯಾಗಿದ್ರೆ ಪಟಾಕಿ ಒಡ್ದು ಕಾಡಿಗೆ ಓಡ್ಸ್‌ಬೋದಾಗಿತ್ತು ತಾಯಿ. ಇದನ್ನ ನೀವೇ ನೋಡ್ಕಬೇಕು," ಎಂದು ದಿವ್ಯಳಿಗೆ ಹೇಳಿ, ಅವಳು ಕೊಟ್ಟ ಕಾಫಿ ಕುಡಿದು ಹೊರಟ.

"ಬುಕ್ಕು," ಎಂದಳು ದಿವ್ಯ.

ಉಮಾಶಂಕರ ರಿಜಿಸ್ಟರು ಬಿಡಿಸಿದ. ಈ ಪುಟ ಕಂಡರೆ ಮೇಡಂ ಏನೆಂದಾರು? ಮರವೊಂದರ ಮುಂದೆ ಕಣ್ಣು ತೆರೆದು ನಿಲ್ಲಲಾರದವನಿಗೆ ಮೂವತ್ತು ಮಕ್ಕಳ ಬಾಟನಿಯೇ? ಜೂನ್ ತಿಂಗಳು ಕಣ್ಣೆದುರಿಗೇ ಕರಗಿ ಗುಣಾಕಾರದ ಮಗ್ಗಿಯಾಯಿತು. ಆದರೆ ಮಾತು ಕೊಟ್ಟಾಗಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಸಾಕ್ಷಿಯೂ ನಿಂತಿತ್ತು. ಷರಾ ಕಲಮಿನಲ್ಲಿ, ಇದ್ದುದರಲ್ಲೇ ಚಿಕ್ಕ ಅಕ್ಷರದಲ್ಲಿ ಬರೆದ: "ದಿನವೂ ನೀರು ಹುಯ್ದ ಕಳ್ಳ: ಉಮಾಶಂಕರ, ಬಿ.ಎಸ್ಸಿ."

"ದೊಡ್ಡದಾಗಿ ಬರೀರಿ. ಅಲ್ಲಿ ಮಗಾ ಅಳ್ತಿರ್ತದೆ, ಅವ್ರಿಗೆ ಸಣ್ಣಕ್ಸರ ಓದಕ್ಕೆ ಪುರ್ಸೊತ್ತಿರಕಿಲ್ಲ."

ದೊಡ್ಡದಾಗಿ ಬರೆದ. ಎಲ್ಲ ಪುಟಗಳ ಫೋಟೋ ತೆಗೆದು ಕಳಿಸಿದ. ಕ್ಷಮೆಯ ಮಾತು ಮಾತ್ರ ಗಂಟಲ ಹತ್ತಿರ ಬಂದು ಬಂದು ವಾಪಸಾಗುತ್ತಿತ್ತು. "ಸಾಯಂಕಾಲ ಕೇಳ್ತೀನಿ" ಎಂದು ಬೈಕು ಹತ್ತಿದ. ಸಾಯಂಕಾಲ, ಮೇಡಂ ಉತ್ತರ ಬರಲಿ ಎಂದ.

ಉತ್ತರ ರಾತ್ರಿಯೂಟಕ್ಕೆ ಮುಂಚೆ ಧ್ವನಿಸಂದೇಶವಾಗಿ ಬಂತು. ಉಮಾಶಂಕರ ಫೋನನ್ನು ಕಿವಿಗೆ ಒತ್ತಿಕೊಳ್ಳುವಷ್ಟರಲ್ಲಿ ದಿವ್ಯ ಕಸಿದುಕೊಂಡು ಜೋರಾಗಿ ಕೇಳುವಂತೆ ಇಟ್ಟಳು. ಹಿಂದೆ ಕೂಸಿನ ಅಳು, ಮುಂದೆ ಮೇಡಂ ದನಿ.

"ಏನ್ ಸರ್ ಇದು! ನೀರಿನ ಕಲಂ ತುಂಬ ಇಲ್ಲ, ಇಲ್ಲ ಅಂತ ಬರೆದಿದೀರಿ! ಚೀಟಿಯಲ್ಲಿ ಎರಡನೇ ಸಾಲು ಓದಲಿಲ್ವಾ? ಗಾಳಿಯ ತೇವ ಎಷ್ಟೇ ಇರಲಿ, ದಿನಾ ಬೆಳಿಗ್ಗೆ ಮಣ್ಣಿಗೆ ಒಂದು ತಂಬಿಗೆ ನೀರು ಅಂತ ಬರೆದಿದ್ದೆನಲ್ಲ! ನೀರು ಹಾಕಿದ ಮೇಲೆ ಒಂದೆರಡು ಗಂಟೆ ಎಂಬತ್ತು ತೋರಿಸೇ ತೋರಿಸ್ತದೆ, ಆಮೇಲೆ ತಾನೇ ಇಳೀತದೆ. ನೀವು ಮಾಡಿದ ಹಾಗೆಯೇ ಆಗಿದ್ದಿದ್ರೆ ನನ್ನ ಮರ ಎಂಟು ದಿನಕ್ಕೆ ಸೌದೆ! ಪುಣ್ಯಕ್ಕೆ ಆ ಕಳ್ಳ ಕಾಪಾಡಿದಾನೆ. ಇನ್ನು ನೀವು ಯೋಚನೆ ಮಾಡಿ ಏನೂ ಮಾಡಬೇಡಿ ಸರ್, ಕೈ ಮುಗಿದು ಕೇಳ್ಕೊತೀನಿ. ಎಲ್ಲ ಆ ಕಳ್ಳನಿಗೇ ಬಿಡಿ. ನಾನು ಬಂದಾಗ ಮರ ಹಸಿರಾಗಿದ್ರೆ ಪ್ಲಸ್ ಒನ್ ಬಾಟನಿ ಅವನಿಗೇ."

ಶಿವಮಲ್ಲಮ್ಮ ಡಿಗ್ರಿ ಪತ್ರವನ್ನೂ ಅದರ ಪಕ್ಕದ ದೇವರನ್ನೂ ಒಮ್ಮೆ ನೋಡಿ, ದೇವರಿಗೆ ಮಾತ್ರ ಕೈ ಮುಗಿದಳು.

"ನಿಮ್ ಓದು ಮರನ ಸಾಯಿಸ್ತಿತ್ತು, ನಿಮ್ ಮರೆವು ಉಳಿಸ್ಕತು," ಎಂದಳು ದಿವ್ಯ. "ಇನ್ನು ಅದ್ನೆಂಟು ದಿನ. ಅದೇ ಕಳ್ಳ ಅಂಗೇ ಬರ್ಬೇಕು."

ಅಷ್ಟೇ ತಾನೇ ಎಂದುಕೊಂಡ ಉಮಾಶಂಕರ. ಆದರೆ ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ತಂಬಿಗೆ ಹಿಡಿದು ಎದ್ದಾಗ ತಿಳಿಯಿತು, ಇಷ್ಟು ವರ್ಷ ತಾನೇ ನಡೆದ ಕಾಲು ಇವತ್ತು ಒಡೆಯನ ಅಪ್ಪಣೆ ಕೇಳುತ್ತಿದೆ! ಎಡವೋ ಬಲವೋ? ಕಾಲು ಲೀಟರೋ, ಹೆಚ್ಚಾಯಿತೋ? ಬುಡಕ್ಕೋ, ಅಂಚಿಗೋ? ಅವನು ಬಾಗಿಲಲ್ಲೇ ನಿಂತು ತಂಬಿಗೆಯೊಳಗೆ ಇಣುಕಿ ನೋಡತೊಡಗಿದ. ಕೊಟ್ಟಿಗೆಯ ಕಡೆಯಿಂದ ಶಿವಮಲ್ಲಮ್ಮ, ಕುಂಡದ ಪಕ್ಕದಿಂದ ದಿವ್ಯ ಒಟ್ಟಿಗೇ ಕೂಗಿದರು.

"ಯೋಚ್ನೆ ಮಾಡ್ಬ್ಯಾಡ ಕಣ್ಲಾ!"

"ಕಣ್ ಮುಚ್ರಿ! ಕಣ್ ಮುಚ್ಕೊಂಡು ಬನ್ರಿ!"

ಉಮಾಶಂಕರ ಕಣ್ಣು ಮುಚ್ಚಿದ. ಮಂತ್ರ ಹೇಳಿಕೊಂಡ. ಪ್ಲಸ್ ಒನ್ ಬಾಟನಿಯನ್ನು ಮನಸ್ಸಿನಿಂದ ಓಡಿಸಿದ, ಅದು ಮತ್ತೆ ಬಂತು, ಮತ್ತೆ ಓಡಿಸಿದ. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು. ಇಲ್ಲೇ ಇರಬೇಕು ಎಂದು ನಿಂತು ತಂಬಿಗೆ ಬಗ್ಗಿಸಿದ. ನೀರು ಸುರಿದ ಸದ್ದಾಯಿತು. ನಂತರ ಕಾಲು ಜೋಡಿಸಿ, ತಲೆ ಬಗ್ಗಿಸಿ, ಭಕ್ತಿಯಿಂದ ಕೈ ಮುಗಿದು, ಗೆದ್ದೆನೆಂದು ಕಣ್ಣು ತೆರೆದ.

ಎದುರಿಗೆ ಎರಡು ಪಾದ. ಬೆಳ್ಳಿ ಕಾಲುಂಗುರ. ನೀರು ಅವುಗಳ ಮೇಲಿಂದ ಇಳಿದು ಹರಿಯುತ್ತಿತ್ತು.

ದಿವ್ಯ ಪಾದವನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಸರಿ, ತಲೆ ಎತ್ರಿ. ಕ್ಸಮಿಸಿವ್ನಿ," ಎಂದಳು. "ತಂಬಿಗೇಲಿ ಮಿಕ್ಕಿದ್ರೆ ಈಗ ಮರಕ್ಕೂ ಒಸಿ ಉಯ್ರಿ."